ಕನ್ನಡಿ ಕಳಚಿದ ಕ್ಯಾಮೆರಾ

ಕ್ಯಾಮೆರಾ ಕೊಳ್ಳಲು ಹೊರಟವರಿಗೆ ಇಂದು ಮೊದಲು ಎದುರಾಗುವ ಪ್ರಶ್ನೆ ಒಂದೇ: ಕಾಂಪ್ಯಾಕ್ಟ್ ಬೇಕೋ, ಮಿರರ್‌ಲೆಸ್ ಬೇಕೋ? ಒಂದು, ಅಂಗಿಯ ಜೇಬಿನಲ್ಲಿ ಕೂರುವ ಪುಟ್ಟ ಯಂತ್ರ. ಅದರ ಮಸೂರ ಮೈಗೇ ಅಂಟಿಕೊಂಡಿರುತ್ತದೆ. ಇನ್ನೊಂದು, ಹೆಗಲಿಗೆ ಚೀಲ ಬೇಡುವ ಯಂತ್ರ. ಅದರ ಮಸೂರಗಳನ್ನು ಬೇಕೆಂದಾಗ ಬದಲಾಯಿಸಬಹುದು. ತೆಗೆಯಬೇಕಾದ ಚಿತ್ರಗಳು ಮಾತ್ರ ಎರಡರಲ್ಲೂ ಅವೇ. ಮನೆಯ ಹಬ್ಬ, ಮಗುವಿನ ಮೊದಲ ಹೆಜ್ಜೆ, ಮುದ್ದೆ ಕಟ್ಟುವ ಅಜ್ಜಿಯ ಕೈ, ಊರ ಜಾತ್ರೆ, ತುಂಬಿ ಹರಿಯುವ ಹೊಳೆ. ಅಂಗಡಿಯವರು ಮೆಗಾಪಿಕ್ಸೆಲ್ಲಿನ ಲೆಕ್ಕ ಒಪ್ಪಿಸುತ್ತಾರೆ. ಕೊಳ್ಳುವವರು ತಲೆ ತುರಿಸಿಕೊಳ್ಳುತ್ತಾರೆ.

ಇದು ಹೊಸ ಕಾಲದ ಗೊಂದಲವೆಂದು ತೋರಿದರೂ ಹಾಗಲ್ಲ. ಹಗುರವಾದುದನ್ನು ಹೊರುವುದೋ, ಭಾರವಾದುದನ್ನು ಹೊರುವುದೋ ಎಂಬ ಪ್ರಶ್ನೆ ಛಾಯಾಗ್ರಹಣದಷ್ಟೇ ಹಳೆಯದು. ಕರ್ನಾಟಕದ ಮಣ್ಣಿನಲ್ಲಿಯೇ ಅದಕ್ಕೆ ಸುಮಾರು 170 ವರ್ಷಗಳ ಇತಿಹಾಸವಿದೆ. ಆ ಇತಿಹಾಸ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಾವ ಕ್ಯಾಮೆರಾ ಎಷ್ಟು ಚೆನ್ನಾಗಿ ಚಿತ್ರ ತೆಗೆಯುತ್ತದೆ ಎನ್ನುವುದಕ್ಕಿಂತ, ಯಾರು ಚಿತ್ರದೊಳಗೆ ಬರುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ ಎನ್ನುವುದನ್ನೇ ಕ್ಯಾಮೆರಾದ ಗಾತ್ರ ನಿರ್ಧರಿಸುತ್ತ ಬಂದಿದೆ.

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರನ್ನೇ ತೆಗೆದುಕೊಳ್ಳಬಹುದು. ಕಾವೇರಿಯ ದಂಡೆಗೆ ಸೇರಿದ ಬೇಸಾಯದ ಹಳ್ಳಿ ಅದು. ಅದೇ ತಾಲ್ಲೂಕಿನ ಅಂಚಿನಲ್ಲಿ ಶಿವನಸಮುದ್ರದ ಜಲಪಾತಗಳಿವೆ. 1902ರಲ್ಲಿ ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಪೂರ್ವಕ್ಕೆ ಮಲೆ ಮಹದೇಶ್ವರ ಬೆಟ್ಟ, ಯಳಂದೂರಿನ ಕಡೆ ಬಿಳಿಗಿರಿರಂಗನ ಬೆಟ್ಟ, ಹೊಳೆಯಾಚೆ ತಲಕಾಡು, ಇನ್ನಷ್ಟು ದೂರದಲ್ಲಿ ಸೋಮನಾಥಪುರ. ಜಲಪಾತ, ವಿದ್ಯುದಾಗಾರ, ಗುಡಿ, ಬೆಟ್ಟ ಇವೆಲ್ಲ ಹಳೆಯ ಪುಸ್ತಕಗಳಲ್ಲಿ, ಸರ್ಕಾರಿ ವರದಿಗಳಲ್ಲಿ ಚಿತ್ರವಾಗಿ ಕಾಣಸಿಗುತ್ತವೆ. ಆದರೆ ಇವುಗಳ ನಡುವೆ ಬದುಕಿದ ಹಳ್ಳಿಯ ಜಗಲಿ, ಕೊಟ್ಟಿಗೆ, ಅಡುಗೆಮನೆ, ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು ಅಷ್ಟಾಗಿ ಕಾಣುವುದಿಲ್ಲ. ಇದಕ್ಕೆ ಕಾರಣ ಬರೀ ಅಸಡ್ಡೆಯಲ್ಲ. ಆ ಕಾಲದ ಕ್ಯಾಮೆರಾ ಅಂಥದ್ದು.

ಕಾಗದವೋ, ಗಾಜೋ?

1839ರಲ್ಲಿ ಫ್ರಾನ್ಸಿನ ಡಾಗೆರ್ ತನ್ನ ವಿಧಾನವನ್ನು ಜಗತ್ತಿಗೆ ತೋರಿಸಿಕೊಟ್ಟ ಮರುವರ್ಷವೇ ಕಲ್ಕತ್ತೆಯಲ್ಲಿ ಕ್ಯಾಮೆರಾ ಮಾರಾಟದ ಜಾಹೀರಾತು ಕಾಣಿಸಿಕೊಂಡಿತ್ತು. ಕನ್ನಡ ಸೀಮೆಗೆ ಕ್ಯಾಮೆರಾ ಗಂಭೀರವಾಗಿ ಕಾಲಿಟ್ಟದ್ದು 1850ರ ದಶಕದಲ್ಲಿ. ಅದನ್ನು ತಂದವರು ಬಹುಪಾಲು ಕಂಪನಿ ಸರ್ಕಾರದ ಸೈನ್ಯಾಧಿಕಾರಿಗಳು ಮತ್ತು ವೈದ್ಯರು.

1854ರ ಡಿಸೆಂಬರ್‌ನಲ್ಲಿ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಡಾಕ್ಟರ್ ನೀಲ್ ಜತೆಗೂಡಿ ಬೇಲೂರು, ಹಳೇಬೀಡುಗಳಿಗೆ ಹೋದ. ಅಲ್ಲಿ ತೆಗೆದ ಚಿತ್ರಗಳು 1855ರ ಮದ್ರಾಸ್ ಪ್ರದರ್ಶನದಲ್ಲಿ ಪದಕ ಗಳಿಸಿದವು. ಅದೇ ಹೊತ್ತಿನಲ್ಲಿ ಬಿಗ್ಸ್ ಎಂಬ ಇನ್ನೊಬ್ಬ ಅಧಿಕಾರಿ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ಕ್ಯಾಮೆರಾ ಹೂಡಿದ. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ದೊಡ್ಡ ಗ್ರಂಥಕ್ಕೆ ಬಿಗ್ಸ್, ನೀಲ್ ಮತ್ತು ಪಿಗೌ ತೆಗೆದ ಚಿತ್ರಗಳೇ ಆಧಾರ.

ಆಗ ನೆಗೆಟಿವ್ ಮಾಡಲು ಎರಡು ದಾರಿಗಳಿದ್ದವು. ಒಂದು, 1851ರಲ್ಲಿ ಇಂಗ್ಲೆಂಡಿನ ಆರ್ಚರ್ ಪ್ರಕಟಿಸಿದ ಗಾಜಿನ ಹಲಗೆಯ ವಿಧಾನ. ಅದರಲ್ಲಿ ಚಿತ್ರ ಬಹಳ ಸ್ಫುಟವಾಗಿ ಬರುತ್ತಿತ್ತು. ಆದರೆ ಗಾಜಿಗೆ ಬಳಿದ ರಾಸಾಯನಿಕ ಒಣಗುವುದರೊಳಗೆ ಚಿತ್ರ ತೆಗೆದು, ತೊಳೆದು ಮುಗಿಸಬೇಕು. ಎಂದರೆ ಹೋದಲ್ಲೆಲ್ಲ ಕತ್ತಲೆಯ ಡೇರೆ, ಬಾಟಲಿ, ನೀರು, ಗಾಜು ಎಲ್ಲವನ್ನೂ ಹೊತ್ತೊಯ್ಯಬೇಕು. ನಮ್ಮ ಬಿಸಿಲಿನಲ್ಲಿ ಹಲಗೆ ಒಣಗಲು ಎಷ್ಟು ಹೊತ್ತು? ಇನ್ನೊಂದು, ಮೇಣ ಹಚ್ಚಿದ ಕಾಗದದ ವಿಧಾನ. ಇದರಲ್ಲಿ ಸ್ಫುಟತೆ ಕಡಿಮೆ, ಬೆಳಕಿಗೆ ಒಡ್ಡಬೇಕಾದ ಸಮಯವೂ ಹೆಚ್ಚು. ಆದರೆ ಕಾಗದವನ್ನು ಕೆಲವು ದಿನ ಮೊದಲೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದು, ಚಿತ್ರ ತೆಗೆದ ಮೇಲೆ ನಿಧಾನವಾಗಿ ತೊಳೆಯಬಹುದು. ಒಡೆಯುವ ಭಯವೂ ಇಲ್ಲ.

ಟ್ರೈಪ್ ಮತ್ತು ಗ್ರೀನ್‌ಲಾ ಇಬ್ಬರೂ ಕಾಗದವನ್ನೇ ಆರಿಸಿಕೊಂಡರು. ಉತ್ತಮವಾದುದನ್ನು ಬಿಟ್ಟು ಅನುಕೂಲವಾದುದನ್ನು ಹಿಡಿದರು ಎನ್ನಬಹುದು. ಕೈಗೆ ಒದಗುವ ಸಾಧನವೇ ಒಳ್ಳೆಯ ಸಾಧನ ಎಂಬ ಪಾಠ ಕನ್ನಡ ನೆಲದಲ್ಲಿ ಆಗಲೇ ಪ್ರಯೋಗಕ್ಕೆ ಬಂದಿತ್ತು.

ಆದರೂ ಆ ಕ್ಯಾಮೆರಾಗಳು ಭಾರವಾದ ಮರದ ಪೆಟ್ಟಿಗೆಗಳೇ. ಆಗ ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಅನುಕೂಲವಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಗ್ರೀನ್‌ಲಾನ ನೆಗೆಟಿವ್‌ಗಳು ಸುಮಾರು ಒಂದೂವರೆ ಅಡಿ ಅಗಲದವು. 1857ರ ಕೊನೆಯಲ್ಲಿ ಮದ್ರಾಸ್ ಸರ್ಕಾರದ ಛಾಯಾಗ್ರಾಹಕನಾಗಿ ಟ್ರೈಪ್ ಬೆಂಗಳೂರಿನಿಂದ ದಕ್ಷಿಣಕ್ಕೆ ಹೊರಟಾಗ ಸಾಮಾನುಗಳೆಲ್ಲ ಎತ್ತಿನ ಗಾಡಿಗಳಲ್ಲಿ ಸಾಗಿದವು. ಆ ಪ್ರವಾಸದಲ್ಲಿ ದೊಡ್ಡ ಕ್ಯಾಮೆರಾದ ಜತೆಗೆ ಜೋಡಿ ಚಿತ್ರ ತೆಗೆಯುವ ಚಿಕ್ಕ ಸ್ಟೀರಿಯೋ ಕ್ಯಾಮೆರಾವನ್ನೂ ಅವನು ಬಳಸಿದ. ಇಂದು ಒಂದೇ ಚೀಲದಲ್ಲಿ ಎರಡು ಕ್ಯಾಮೆರಾ ಇಟ್ಟುಕೊಳ್ಳುವವರಿಗೆ ಅವನೇ ಹಿರಿಯಣ್ಣ! 1859ರಲ್ಲಿ ಮದ್ರಾಸಿಗೆ ಗವರ್ನರ್ ಆಗಿ ಬಂದ ಟ್ರೆವೆಲಿಯನ್, ಇದು ಬಲು ದುಬಾರಿ ಬಾಬ್ತು ಎಂದು ಆ ಕೆಲಸವನ್ನೇ ನಿಲ್ಲಿಸಿದ. ಕೊಳ್ಳೇಗಾಲವೂ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ದೊಡ್ಡ ಕ್ಯಾಮೆರಾ ಕೊಟ್ಟದ್ದು ಕಡಿಮೆಯೇನಲ್ಲ. ಹಂಪಿಯ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಗೋಪುರವೊಂದಿತ್ತು. ಇಂದು ಅಲ್ಲಿಗೆ ಹೋದವರಿಗೆ ಅದು ಕಾಣದು. ಗ್ರೀನ್‌ಲಾನ 1856ರ ಚಿತ್ರದಲ್ಲಿ ಆ ಗೋಪುರ ನಿಂತಿದೆ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಏನು ಉಳಿದಿದೆ, ಏನು ಅಳಿದಿದೆ ಎಂಬ ಲೆಕ್ಕ ಸಿಕ್ಕಿತು.

ಆದರೆ ಆ ಚಿತ್ರಗಳಲ್ಲಿ ಜನ ವಿರಳ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾದಾಗ ಕಲ್ಲು ಮಾತ್ರ ಅಲುಗದೆ ನಿಲ್ಲಬಲ್ಲದು. ನಡೆದು ಹೋದವರು ಮಸುಕಾಗಿ ಅಳಿಸಿಹೋಗುತ್ತಾರೆ. ಓಡುವ ಮಗು, ಕುಣಿಯುವ ಕಂಸಾಳೆಯವರು, ದೋಣಿ ಹುಟ್ಟು ಹಾಕುವ ಅಂಬಿಗ ಇವರಾರೂ ಆ ಕ್ಯಾಮೆರಾದ ಕಣ್ಣಿಗೆ ಬೀಳುವಂತಿರಲಿಲ್ಲ.

ಪೆಟ್ಟಿಗೆಯಿಂದ ಜೇಬಿಗೆ

1871ರಲ್ಲಿ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯ ಒಣ ಹಲಗೆಯ ವಿಧಾನ ಸೂಚಿಸಿದ ಮೇಲೆ ಡೇರೆ ಹೊರುವ ಕಷ್ಟ ಕ್ರಮೇಣ ತಪ್ಪಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾ ಹೊರತಂದ. ಬೆಲೆ 25 ಡಾಲರ್, ಒಳಗೆ 100 ಚಿತ್ರಗಳಿಗಾಗುವ ಸುರುಳಿ. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರೆ ಚಿತ್ರಗಳೂ ಹೊಸ ಸುರುಳಿಯೂ ವಾಪಸಾಗುತ್ತಿದ್ದವು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಕೇವಲ ಒಂದು ಡಾಲರ್. ರಸಾಯನಶಾಸ್ತ್ರ ಗೊತ್ತಿಲ್ಲದವರೂ ಚಿತ್ರ ತೆಗೆಯುವ ಕಾಲ ಆಗ ಆರಂಭವಾಯಿತು. ಇಂದಿನ ಕಾಂಪ್ಯಾಕ್ಟ್ ಕ್ಯಾಮೆರಾದ ಮುತ್ತಜ್ಜಿ ಈ ಬ್ರೌನಿ.

ಮಿರರ್‌ಲೆಸ್ ಕ್ಯಾಮೆರಾದ ವಂಶವೃಕ್ಷ ಬೇರೆ. ಜರ್ಮನಿಯ ಆಸ್ಕರ್ ಬಾರ್ನಾಕ್‌ಗೆ ಉಬ್ಬಸ. ಭಾರದ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಲು ಆಗುತ್ತಿರಲಿಲ್ಲ. ಸಿನಿಮಾ ಫಿಲ್ಮಿನ ಸುರುಳಿಯನ್ನೇ ಬಳಸಿ ಅಂಗೈಯಗಲದ ಕ್ಯಾಮೆರಾವೊಂದನ್ನು ಆತ ರೂಪಿಸಿದ. ನೆಗೆಟಿವ್ ಚಿಕ್ಕದಾಗಿರಲಿ, ಚಿತ್ರವನ್ನು ಆಮೇಲೆ ಹಿಗ್ಗಿಸಿಕೊಳ್ಳೋಣ ಎಂಬುದು ಅವನ ತರ್ಕ. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ನೆಗೆಟಿವ್ ಗಾತ್ರ 24 ಮಿಲಿಮೀಟರಿಗೆ 36 ಮಿಲಿಮೀಟರ್. ಇಂದು ಅಂಗಡಿಯಲ್ಲಿ ಫುಲ್ ಫ್ರೇಮ್ ಎಂದು ಹೊಗಳಿ ಮಾರುವ ಸಂವೇದಕದ ಅಳತೆಯೂ ಅದೇ. ಉಬ್ಬಸದ ಮನುಷ್ಯ ಗುಡ್ಡ ಹತ್ತಲು ಆರಿಸಿಕೊಂಡ ಚಿಕ್ಕ ಅಳತೆ ಇಂದು ದೊಡ್ಡ ಅಳತೆ ಎನಿಸಿಕೊಂಡಿದೆ.

ಚಿಕ್ಕ ಕ್ಯಾಮೆರಾ ಬಂದ ಮೇಲೆ ಛಾಯಾಗ್ರಾಹಕ ಗುಡಿಯ ಮುಂದಿನಿಂದ ಬೀದಿಗೆ ಬಂದ. ಕನ್ನಡಿಗರಿಗೆ ಇದರ ಉಜ್ವಲ ಉದಾಹರಣೆ ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿದ ಅವರು 1948ರಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್ ಪತ್ರಿಕೆಗೆ ಛಾಯಾಗ್ರಾಹಕರಾದರು. ಮುಂದೆ ದೇಶವಿದೇಶಗಳ ಪತ್ರಿಕೆಗಳಿಗೆ, ಯುನಿಸೆಫ್‌ಗೆ ಕೆಲಸ ಮಾಡಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ತೀರಿಕೊಳ್ಳುವ ತನಕ ಅವರಿಗೆ ವಸ್ತುವಾದದ್ದು ಸಾಮಾನ್ಯರ ದಿನಚರಿ. ಅವರ ನೆನಪಿನ ಬರಹಗಳ ಕನ್ನಡ ಪುಸ್ತಕದ ಹೆಸರು ‘ಕಾಲಕ್ಕೆ ಕನ್ನಡಿ’. ಗ್ರೀನ್‌ಲಾ ಹಂಪಿಯ ಕಲ್ಲನ್ನು ಉಳಿಸಿಕೊಟ್ಟ ಹಾಗೆ ಸತ್ಯನ್ ಬೀದಿಯ ನಗುವನ್ನು ಉಳಿಸಿಕೊಟ್ಟರು. ಮರದ ಪೆಟ್ಟಿಗೆಯಲ್ಲಿ ಆ ನಗು ಸಿಕ್ಕುತ್ತಿರಲಿಲ್ಲ.

ಕನ್ನಡಿ ಬಂದದ್ದು, ಹೋದದ್ದು

ಹಾಗಾದರೆ ಮಿರರ್‌ಲೆಸ್ ಎಂಬ ಹೆಸರು ಎಲ್ಲಿಂದ ಬಂತು? ಕನ್ನಡಿ ಇಲ್ಲದ್ದು ಎಂದು ಅದರ ಅರ್ಥ. ಮೊದಲು ಕನ್ನಡಿ ಏಕೆ ಬಂತೆಂದು ತಿಳಿಯದೆ ಇದು ಅರ್ಥವಾಗದು.

ಲೈಕಾದಂಥ ಕ್ಯಾಮೆರಾದಲ್ಲಿ ನೋಡುವ ಕಿಂಡಿಯೇ ಬೇರೆ, ಚಿತ್ರ ತೆಗೆಯುವ ಮಸೂರವೇ ಬೇರೆ. ಕಣ್ಣಿಗೆ ಕಂಡದ್ದಕ್ಕೂ ಫಿಲ್ಮಿಗೆ ಬಿದ್ದದ್ದಕ್ಕೂ ಕೊಂಚ ವ್ಯತ್ಯಾಸ. ಹತ್ತಿರದ ಹೂವನ್ನೋ ದೂರದ ಹಕ್ಕಿಯನ್ನೋ ತೆಗೆಯುವಾಗ ಆ ವ್ಯತ್ಯಾಸ ದೊಡ್ಡ ತೊಡಕು. ಇದಕ್ಕೆ ಪರಿಹಾರವಾಗಿ ಮಸೂರದ ಹಿಂದೆ ಓರೆಯಾಗಿ ಒಂದು ಕನ್ನಡಿ ಇಟ್ಟರು. ಮಸೂರದಿಂದ ಬಂದ ಬೆಳಕು ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ ಕಣ್ಣಿಗೆ ತಲುಪುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಬೆಳಕು ಫಿಲ್ಮಿಗೆ ಬೀಳುತ್ತದೆ, ಕನ್ನಡಿ ಮತ್ತೆ ಇಳಿಯುತ್ತದೆ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳ ‘ಟಪ್’ ಎಂಬ ಸದ್ದಿನಲ್ಲಿ ಈ ಕನ್ನಡಿಯ ಪಾಲೂ ಇದೆ. 1936ರ ಎಕ್ಸಾಕ್ಟಾದಿಂದ 1959ರ ನಿಕಾನ್ ಎಫ್ ವರೆಗೆ ಈ ವಿಧಾನ ಪಳಗಿತು. ಮುಂದೆ ಸುಮಾರು ಅರ್ಧ ಶತಮಾನ ವೃತ್ತಿಪರರ ಕೈಯಲ್ಲಿ ಕನ್ನಡಿಯ ಕ್ಯಾಮೆರಾವೇ ಮೆರೆಯಿತು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣ ಹೆಸರು ಮಾಡಿದ್ದೂ ಆ ಕಾಲದಲ್ಲೇ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರ ಚಿತ್ರಗಳು ದೇಶದ ಹೊರಗೂ ಮನ್ನಣೆ ಪಡೆದವು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬೆನ್ನು ಹತ್ತಿ ಗಂಟೆಗಟ್ಟಲೆ ಕಾದು ಕೂತರು. ದೂರದ ಹಕ್ಕಿಯನ್ನು ಹತ್ತಿರಕ್ಕೆ ತರುವ ಉದ್ದ ಮಸೂರವಿಲ್ಲದೆ, ಅದರ ಮೂಲಕವೇ ನೋಡುವ ಅನುಕೂಲವಿಲ್ಲದೆ ಆ ಕೆಲಸ ಸಾಧ್ಯವಿರಲಿಲ್ಲ. ಇಲ್ಲಿ ಜೇಬಿನ ಕ್ಯಾಮೆರಾ ಸೋಲುತ್ತದೆ. ಎಲ್ಲ ಕೆಲಸಕ್ಕೂ ಚಿಕ್ಕದೇ ಸಾಕು ಎಂದು ವಾದಿಸುವವರು ಈ ಮಾತನ್ನು ಮರೆಯಬಾರದು.

ಆದರೆ ಸಾಮಾನ್ಯ ಸಂಸಾರಕ್ಕೆ ಆ ಕ್ಯಾಮೆರಾ ಅಕ್ಷರಶಃ ಕನ್ನಡಿಯೊಳಗಿನ ಗಂಟು. ವಿದೇಶದಿಂದ ಬರಬೇಕಾದ ವಸ್ತು, ಮೇಲೆ ಸುಂಕ. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಅಗ್ಫಾ ಕ್ಲಿಕ್-3 ಎಂಬ ಸರಳ ಕ್ಯಾಮೆರಾ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಹಾಗಾಗಿ ಒಂದೊಂದು ಚಿತ್ರಕ್ಕೂ ಮನೆಮಂದಿಯೆಲ್ಲ ತಲೆ ಬಾಚಿ ಸಾಲಾಗಿ ನಿಲ್ಲುತ್ತಿದ್ದರು. ಚಾಮರಾಜನಗರದ ಗಡಿಯಾಚೆ, ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನಲ್ಲಿ ಫಿಲ್ಮ್ ತಯಾರಿಸುತ್ತಿತ್ತು. 1980ರ ದಶಕದಲ್ಲಿ ಹಾಟ್‌ಶಾಟ್, ಆಮೇಲೆ ಯಾಷಿಕಾ, 1990ರ ದಶಕದಲ್ಲಿ ಕೊಡಕ್ ಕೆಬಿ-10 ಹೀಗೆ ಜೇಬಿನ ಕ್ಯಾಮೆರಾಗಳು ಮದುವೆ, ಪ್ರವಾಸಗಳಿಗೆ ಕಾಲಿಟ್ಟವು.

ಹಳ್ಳಿಯಲ್ಲಿ ಅಷ್ಟೂ ಇರಲಿಲ್ಲ. ಅಲ್ಲಿ ಚಿತ್ರವೆಂದರೆ ಪೇಟೆಯ ಸ್ಟುಡಿಯೋ. ಮದುವೆಯಾದ ಹೊಸತರಲ್ಲಿ ಒಂದು, ಮಗುವಿನೊಂದಿಗೆ ಒಂದು. ಎಷ್ಟೋ ಹಿರಿಯರಿಗೆ ಅದೂ ಇಲ್ಲ. 1993ರಲ್ಲಿ ಚುನಾವಣಾ ಆಯೋಗ ಮತದಾರರಿಗೆಲ್ಲ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂದು ಆದೇಶಿಸಿದ ಮೇಲೆ, ಊರೂರಿಗೆ ಕ್ಯಾಮೆರಾ ಬಂತು. ಜನ ಸಾಲುಗಟ್ಟಿ ನಿಂತು ಮುಖ ತೋರಿಸಿದರು. ತೀರಿಹೋದ ಅಜ್ಜಿಯ ಚಿತ್ರ ಬೇಕೆಂದಾಗ ಆ ಚೀಟಿಯ ಹೆಬ್ಬೆರಳಿನಷ್ಟು ಮುಖವನ್ನೇ ಹಿಗ್ಗಿಸಿ ಗೋಡೆಗೆ ತೂಗುಹಾಕಿದ ಮನೆಗಳು ಹಳೆ ಮೈಸೂರು ಸೀಮೆಯಲ್ಲಿ ಅಪರೂಪವಲ್ಲ. ಆ ಚಿತ್ರದಲ್ಲಿ ಅಜ್ಜಿ ನಗುವುದಿಲ್ಲ. ಸರ್ಕಾರಿ ಕೆಲಸಕ್ಕೆ ಮುಖ ಒಡ್ಡಿದವರ ಗಾಬರಿ ಅಲ್ಲಿದೆ. ದಿನನಿತ್ಯದ ಕ್ಯಾಮೆರಾ ಮನೆಯಲ್ಲಿ ಇಲ್ಲದ್ದರಿಂದ ಆದ ನಷ್ಟವೇನೆಂದು ಕೇಳುವವರು ಆ ಗೋಡೆಯತ್ತ ನೋಡಬೇಕು.

ಫಿಲ್ಮ್ ಹೋಗಿ ಬೆಳಕಿನ ಲೆಕ್ಕ ಬಂತು

1975ರಲ್ಲಿ ಕೊಡಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮ್ ಇಲ್ಲದ ಕ್ಯಾಮೆರಾ ಮಾಡಿ ತೋರಿಸಿದ. ಅದರ ತೂಕ ಸುಮಾರು 3.6 ಕಿಲೋ. ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡ್. ಮೂರು ದಶಕಗಳೊಳಗೆ ಅದೇ ತತ್ವದ ಕ್ಯಾಮೆರಾಗಳು ಜೇಬಿಗೆ ಇಳಿದವು.

ಸಂವೇದಕವೇ ಚಿತ್ರವನ್ನು ಕ್ಷಣಕ್ಷಣಕ್ಕೂ ಪರದೆಗೆ ಕಳಿಸಬಲ್ಲದು ಎಂದಾದ ಮೇಲೆ ಕನ್ನಡಿಗೆ ಕೆಲಸವೇನು? ಮಸೂರ ಕಂಡದ್ದನ್ನೇ ಪರದೆ ತೋರಿಸುತ್ತದೆ. ಈ ತರ್ಕದ ಮೇಲೆ 2008ರಲ್ಲಿ ಪ್ಯಾನಾಸೋನಿಕ್ ಲೂಮಿಕ್ಸ್ ಜಿ-1 ಬಂತು. ಮಸೂರ ಬದಲಿಸಬಹುದು, ಒಳಗೆ ಕನ್ನಡಿ ಇಲ್ಲ. ಮರುವರ್ಷ ಒಲಿಂಪಸ್, 2010ರಲ್ಲಿ ಸೋನಿ ಹಿಂಬಾಲಿಸಿದವು. 2013ರಲ್ಲಿ ಸೋನಿ ಎ-7 ಬಂದು ಫುಲ್ ಫ್ರೇಮಿಗೂ ಕನ್ನಡಿ ಬೇಡವೆಂದು ಸಾಬೀತುಮಾಡಿತು. ಕನ್ನಡಿಯ ಕ್ಯಾಮೆರಾದಲ್ಲಿ ಹೆಸರು ಮಾಡಿದ್ದ ನಿಕಾನ್, ಕ್ಯಾನನ್ ಸಂಸ್ಥೆಗಳು 2018ರಲ್ಲಿ ಅದೇ ದಾರಿ ಹಿಡಿದವು. 2020ರಲ್ಲಿ ಮಿರರ್‌ಲೆಸ್ ರವಾನೆ ಕನ್ನಡಿ ಕ್ಯಾಮೆರಾಗಳ ರವಾನೆಯನ್ನು ಮೀರಿತು. ಹಾಗೆ ನೋಡಿದರೆ ಇದು ಹೊಸ ಸಂಗತಿಯೂ ಅಲ್ಲ. ಗ್ರೀನ್‌ಲಾನ ಪೆಟ್ಟಿಗೆಯಲ್ಲೂ ಕನ್ನಡಿ ಇರಲಿಲ್ಲ, ಬಾರ್ನಾಕ್‌ನ ಲೈಕಾದಲ್ಲೂ ಇರಲಿಲ್ಲ.

ಕಾಂಪ್ಯಾಕ್ಟ್ ಕ್ಯಾಮೆರಾದ ಕತೆ ಇಷ್ಟು ಸುಖಕರವಲ್ಲ. 2010ರಲ್ಲಿ ಜಪಾನಿನ ಸಂಸ್ಥೆಗಳು ಜಗತ್ತಿಗೆ ರವಾನಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. ಅದರಲ್ಲಿ ಬಹುಪಾಲು ಕಾಂಪ್ಯಾಕ್ಟ್‌ಗಳೇ. 2023ರ ಹೊತ್ತಿಗೆ ಎಲ್ಲ ಬಗೆಯ ಕ್ಯಾಮೆರಾಗಳೂ ಸೇರಿ 80 ಲಕ್ಷಕ್ಕಿಂತ ಕಡಿಮೆ. ನಡುವೆ ಬಂದದ್ದು ಮೊಬೈಲ್ ಫೋನ್. ಬ್ರೌನಿಯ ಮೊಮ್ಮಕ್ಕಳನ್ನು ಅದು ನುಂಗಿಹಾಕಿತು. ಉಳಿದುಕೊಂಡ ಕಾಂಪ್ಯಾಕ್ಟ್‌ಗಳು ಬೇರೆ ಜಾತಿಯವು. 2012ರ ಸೋನಿ ಆರ್‌ಎಕ್ಸ್-100, 2011ರಿಂದ ಬರುತ್ತಿರುವ ಫ್ಯೂಜಿ ಎಕ್ಸ್-100 ಸರಣಿ, ರಿಕೋ ಜಿಆರ್ ಇವೆಲ್ಲ ಚಿಕ್ಕ ಮೈಯಲ್ಲಿ ದೊಡ್ಡ ಸಂವೇದಕ ಇಟ್ಟುಕೊಂಡವು.

ಮರಕ್ಕೆ ಕಟ್ಟಿದ ಕಣ್ಣು

ಚಿಕ್ಕ ಕ್ಯಾಮೆರಾ ಏನು ಮಾಡಬಲ್ಲದು ಎಂಬುದಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಡುಗಳಲ್ಲೇ ಸಾಕ್ಷಿಯಿದೆ. 1990ರ ದಶಕದ ಆರಂಭದಲ್ಲಿ ವಿಜ್ಞಾನಿ ಉಲ್ಲಾಸ ಕಾರಂತ ನಾಗರಹೊಳೆಯಲ್ಲಿ ಹುಲಿಗಳನ್ನು ಎಣಿಸಲು ಕ್ಯಾಮೆರಾ ಟ್ರ್ಯಾಪ್ ಬಳಸಿದರು. ಪ್ರಾಣಿ ಅಡ್ಡ ಬಂದರೆ ತಾನೇ ಕ್ಲಿಕ್ಕಿಸುವ ಸಾಧನ ಇದು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಆದ್ದರಿಂದ ಚಿತ್ರಗಳಿಂದಲೇ ಪ್ರತಿ ಹುಲಿಯನ್ನೂ ಗುರುತಿಸಬಹುದು. ಈ ಲೆಕ್ಕದ ವಿಧಾನ 1995ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು.

ಮುಂದೆ ಅದೇ ಬಗೆಯ ಕ್ಯಾಮೆರಾಗಳು ಕಾವೇರಿ ವನ್ಯಧಾಮಕ್ಕೂ ಬಂದವು. 2014ರಲ್ಲಿ ಕಾವೇರಿ ವನ್ಯಧಾಮದ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳು ಹನಿ ಬ್ಯಾಡ್ಜರ್ ಎಂಬ ಅಪರೂಪದ ಪ್ರಾಣಿ ಅಲ್ಲಿರುವುದಕ್ಕೆ ಸಾಕ್ಷಿ ಒದಗಿಸಿದವು. ಜೇನು ಮೆಲ್ಲುವ, ಗಟ್ಟಿ ಚರ್ಮದ ಈ ನಿಶಾಚರಿಯನ್ನು ತೋರಿಸಿದ್ದು ಭಾರಿ ಮಸೂರವಲ್ಲ. ಮೊಣಕಾಲೆತ್ತರದಲ್ಲಿ ಮರಕ್ಕೆ ಕಟ್ಟಿದ ಸಾಧಾರಣ ಕ್ಯಾಮೆರಾ. ಚಿತ್ರದ ಗುಣದಲ್ಲಿ ಅದು ಪೆರುಮಾಳರ ಚಿತ್ರದ ಹತ್ತಿರಕ್ಕೂ ಬಾರದು. ಆದರೆ ಪ್ರಾಣಿ ಬಂದ ಹೊತ್ತಿಗೆ ಅದು ಅಲ್ಲಿತ್ತು.

ಹಾಗಾದರೆ ಯಾವುದು?

ಇಷ್ಟು ಇತಿಹಾಸ ತಿಳಿದ ಮೇಲೆ ಅಂಗಡಿಯ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭ. ಮೊದಲು ನೋಡಬೇಕಾದ್ದು ಸಂವೇದಕದ ಗಾತ್ರವನ್ನೇ ಹೊರತು ಮೆಗಾಪಿಕ್ಸೆಲ್ ಅಲ್ಲ. ಅಗ್ಗದ ಕಾಂಪ್ಯಾಕ್ಟ್‌ನ ಸಂವೇದಕ ಸುಮಾರು 6 ಮಿಲಿಮೀಟರ್ ಅಗಲ. ‘ಒಂದು ಇಂಚು’ ಎಂದು ಕರೆಯುವುದು ವಾಸ್ತವದಲ್ಲಿ 13 ಮಿಲಿಮೀಟರ್ ಚಿಲ್ಲರೆ. ಮಿರರ್‌ಲೆಸ್‌ಗಳಲ್ಲಿ 17, 23, 36 ಮಿಲಿಮೀಟರ್ ಅಗಲದವು ಸಿಗುತ್ತವೆ. ಅಂಗಳಕ್ಕೆ ಇಟ್ಟ ಪಾತ್ರೆ ಅಗಲವಾದಷ್ಟೂ ಹೆಚ್ಚು ಮಳೆನೀರು ಬೀಳುವ ಹಾಗೆ, ಸಂವೇದಕ ಅಗಲವಾದಷ್ಟೂ ಹೆಚ್ಚು ಬೆಳಕು ಸಿಗುತ್ತದೆ. ತೊಟ್ಟಿಮನೆಯ ಮಬ್ಬು, ರಾತ್ರಿಯ ತೇರು, ದೀಪದ ಬೆಳಕಿನ ಪೂಜೆ ಇಂಥ ಕಡೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬಿಸಿಲಿನ ಅಂಗಳದಲ್ಲಿ ಅಷ್ಟಾಗಿ ಕಾಣದು. 6 ಮಿಲಿಮೀಟರಿನ ಕಾಂಪ್ಯಾಕ್ಟ್ ಕೊಳ್ಳುವುದಕ್ಕಿಂತ ಕೈಯಲ್ಲಿರುವ ಒಳ್ಳೆಯ ಫೋನೇ ವಾಸಿ.

ಎರಡನೆಯದು ಮಸೂರ. ಹಕ್ಕಿ, ಆಟೋಟ, ವೇದಿಕೆಯ ನಾಟಕ ಇವುಗಳ ಹಂಬಲವಿದ್ದವರಿಗೆ ಮಿರರ್‌ಲೆಸ್ಸೇ ಸರಿ. ಸದ್ದಿಲ್ಲದೆ ಕ್ಲಿಕ್ಕಿಸುವ ಗುಣವೂ ಅದರಲ್ಲಿದೆ. ಕನ್ನಡಿಯ ಜಾಗ ಖಾಲಿಯಾದ್ದರಿಂದ ಮಸೂರಕ್ಕೂ ಸಂವೇದಕಕ್ಕೂ ನಡುವಿನ ಅಂತರ ತಗ್ಗಿದೆ. ನಿಕಾನ್‌ನಲ್ಲಿ 46.5 ಮಿಲಿಮೀಟರ್ ಇದ್ದದ್ದು 16ಕ್ಕೆ ಇಳಿದಿದೆ. ಆ ಬಿಡುವಿನಲ್ಲಿ ಒಂದು ಅಡಾಪ್ಟರ್ ಕೂರಿಸಿದರೆ ಅಪ್ಪನ ಕಾಲದ ಮಸೂರವನ್ನೂ ಬಳಸಬಹುದು. ಆದರೆ ಕ್ಯಾಮೆರಾದ ಮೈ ಚಿಕ್ಕದಾಯಿತೆಂದು ಮಸೂರ ಚಿಕ್ಕದಾಗಿಲ್ಲ. ಮೈ ಅರ್ಧ ಕಿಲೋ ಇದ್ದರೂ ಮಸೂರ ಸೇರಿದರೆ ಒಂದು ಕಿಲೋ ಮೀರುವುದುಂಟು. ಮಸೂರ ಬದಲಿಸುವಾಗ ಒಳಗೆ ಧೂಳು ಹೊಕ್ಕರೆ ಚಿತ್ರದಲ್ಲಿ ಚುಕ್ಕೆ ಬೀಳುತ್ತದೆ. ಪರದೆ ಸದಾ ಉರಿಯುವುದರಿಂದ ಬ್ಯಾಟರಿಯೂ ಬೇಗ ಇಳಿಯುತ್ತದೆ. ಒಳ್ಳೆಯ ಕಾಂಪ್ಯಾಕ್ಟ್ ಕಾಲು ಕಿಲೋದ ಆಸುಪಾಸು. ಮಸೂರ ಬಿಚ್ಚುವ ಪ್ರಶ್ನೆಯೇ ಇಲ್ಲ. ಗುಂಡಿ ಒತ್ತಿದರೆ ಎಚ್ಚರ, ಜೇಬಿಗೆ ಹಾಕಿದರೆ ನಿದ್ದೆ.

ಮೂರನೆಯದನ್ನು ಅಂಗಡಿಯವರು ಹೇಳುವುದಿಲ್ಲ. ಗದ್ದೆಗೆ, ಸಂತೆಗೆ, ನೆಂಟರ ಮನೆಗೆ ಹೋಗುವಾಗ ಅದು ಜತೆಗೆ ಬರುತ್ತದೆಯೇ? ಬೀರುವಿನಲ್ಲಿ ಭದ್ರವಾಗಿರುವ ಫುಲ್ ಫ್ರೇಮ್ ಕ್ಯಾಮೆರಾ ತೆಗೆಯುವ ಚಿತ್ರಗಳ ಸಂಖ್ಯೆ ಸೊನ್ನೆ. ದಿನನಿತ್ಯದ ಚಿತ್ರವಷ್ಟೇ ಸಾಕೆನ್ನುವವರು ಕನಿಷ್ಠ ಒಂದು ಇಂಚಿನ ಸಂವೇದಕವಿರುವ ಕಾಂಪ್ಯಾಕ್ಟ್ ಕೊಳ್ಳುವುದು ಒಳಿತು. ಕಲಿಯುವ ಆಸೆಯಿದ್ದು, ಹಕ್ಕಿ ಅಥವಾ ಮದುವೆ ಚಿತ್ರದತ್ತ ಮನಸ್ಸಿದ್ದರೆ ಚಿಕ್ಕ ಮಿರರ್‌ಲೆಸ್ ಮೈಗೆ ಒಂದೇ ಒಂದು ತೆಳು ಮಸೂರ ಜೋಡಿಸಿಕೊಂಡು ಆರಂಭಿಸಬಹುದು. ಆಗ ಎರಡರ ನಡುವಿನ ಅಂತರವೂ ಕಿರಿದಾಗುತ್ತದೆ.

ಉಳಿಯುವ ಮಾತು

ಕೊನೆಗೂ ಚಿತ್ರ ತೆಗೆಯುವುದು ಅರ್ಧ ಕೆಲಸ, ಉಳಿಸಿಕೊಳ್ಳುವುದು ಇನ್ನರ್ಧ. 2018ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಹರಿದಾಗ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು ಮೊದಲಾದ ನದೀತೀರದ ಹಳ್ಳಿಗಳಿಗೆ ನೆರೆಯ ಬಿಸಿ ತಟ್ಟಿತು. ಹೊಳೆ ಏರಿದಾಗ ದನಕರು, ಅಕ್ಕಿ ಮೂಟೆ, ದಾಖಲೆಪತ್ರ ಇವನ್ನು ಮೊದಲು ಸಾಗಿಸಬೇಕು. ಗೋಡೆಯ ಮೇಲಿನ ಚಿತ್ರ ಆಮೇಲಿನದು. ನೀರು ಕುಡಿದ ಹಳೆಯ ಚಿತ್ರ ಗಾಜಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಅದರ ನೆಗೆಟಿವ್ ಇದ್ದ ಸ್ಟುಡಿಯೋ ಮುಚ್ಚಿದ್ದರೆ ಅಲ್ಲಿಗೆ ಮುಗಿಯಿತು.

ಡಿಜಿಟಲ್ ಚಿತ್ರ ನೀರಿಗೆ ಹೆದರುವುದಿಲ್ಲ ಎಂದುಕೊಳ್ಳುವಂತಿಲ್ಲ. ಒಂದೇ ಕಾರ್ಡಿನಲ್ಲಿ, ಒಂದೇ ಫೋನಿನಲ್ಲಿ ಇರುವ ಚಿತ್ರ ಕಳೆದುಹೋಗಲು ನೆರೆಯೂ ಬೇಕಿಲ್ಲ. ಗ್ರೀನ್‌ಲಾನ ಮೇಣದ ಕಾಗದ ಒಂದೂಕಾಲು ಶತಮಾನ ಕಳೆದ ಮೇಲೂ ಮುದ್ರಣಕ್ಕೆ ಒದಗಿತು. ಇಂದಿನ ಕಾರ್ಡುಗಳು ಅಷ್ಟು ಕಾಲ ಬಾಳುತ್ತವೆಂದು ಯಾರೂ ಭರವಸೆ ಕೊಡುವುದಿಲ್ಲ. ಆದ್ದರಿಂದ ಕ್ಯಾಮೆರಾಕ್ಕೆ ಇಟ್ಟ ಹಣದಲ್ಲಿ ಸ್ವಲ್ಪ ಉಳಿಸಿ, ವರ್ಷಕ್ಕೆ ಇಪ್ಪತ್ತು ಮೂವತ್ತು ಚಿತ್ರಗಳನ್ನಾದರೂ ಕಾಗದಕ್ಕೆ ಇಳಿಸಿ, ಇನ್ನೊಂದು ಪ್ರತಿಯನ್ನು ಬೇರೆ ಊರಿನ ಮಗಳ ಮನೆಯಲ್ಲಿಡುವುದು ಜಾಣತನ.

ಗುಡಿಗೋಪುರಗಳ ಚಿತ್ರ ತೆಗೆಯಲು ಸರ್ಕಾರವಿದೆ, ವಿದ್ವಾಂಸರಿದ್ದಾರೆ. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುವ ಅಜ್ಜಿಯ ಚಿತ್ರ ತೆಗೆಯಲು ಮನೆಯವರಲ್ಲದೆ ಬೇರಾರೂ ಬರುವುದಿಲ್ಲ. ಕ್ಯಾಮೆರಾ ಚಿಕ್ಕದೋ ದೊಡ್ಡದೋ, ಅವಳು ನಗುವ ಹೊತ್ತಿಗೆ ಅದು ಕೈಯಲ್ಲಿದ್ದರೆ ಸಾಕು.